ಮೇಲಿನ ಹೊಲದ ಒಂದು ದಿನ

ಎದುರು ಫ್ಲ್ಯಾಟಿನ ಯಜಮಾನರು ಒಂದು ಶನಿವಾರ ಮಧ್ಯಾಹ್ನ ಬರಿಗಾಲಲ್ಲೇ ನಮ್ಮ ಮನೆಗೆ ನುಗ್ಗಿ, ನನ್ನ ಊಟದ ತಾಟಿನ ಪಕ್ಕ ತಮ್ಮ ಫೋನ್ ಇಟ್ಟು, "ನೋಡಿ ಮಾರಾಯ್ರೆ, ಇದು ಮೋಸ ಅಲ್ವಾ? ನೀವು ಸರ್ವೆಯವರು, ನೀವೇ ಹೇಳಿ" ಎಂದರು. ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು. ಉಣ್ಣಲು ಕೂತವನನ್ನು ಮಾತಿಗೆಳೆಯಬಾರದು ಎಂಬ ಮರ್ಯಾದೆ ಕರಾವಳಿಯಲ್ಲೂ ಇರಲೇಬೇಕು. ಆ ಹೊತ್ತಿಗೆ ಅವರಿಗೆ ಅದರ ನೆನಪಿರಲಿಲ್ಲ. ಫೋನಿನಲ್ಲಿ ಉಪಗ್ರಹದಿಂದ ತೆಗೆದ ಹಸಿರು ನೆಲದ ಚಿತ್ರವಿತ್ತು, ಅದರೊಳಗೆ ಎರಡು ತುಂಡುಗಳ ಸುತ್ತ ಅವರೇ ಬೆರಳಿನಿಂದ ಗೆರೆ ಎಳೆದಿದ್ದರು.

ದುಬೈನ ಅಲ್ ನಹ್ದಾದಲ್ಲಿ ನಾವು ಎದುರುಬದುರು ಬಾಗಿಲಿನವರು. ಅವರು ಉಡುಪಿ ಕಡೆಯ ಬ್ಯಾರಿ, ನೈಫ್ ಪೇಟೆಯಲ್ಲಿ ಬಟ್ಟೆಯ ಸಗಟು ಅಂಗಡಿ, ವಯಸ್ಸು ಅರವತ್ತರ ಆಸುಪಾಸು. ನಾನು ಗದಗ ಕಡೆಯವನು, ಅಬುಧಾಬಿ ದಿಕ್ಕಿನ ಸೈಟುಗಳಲ್ಲಿ ಭೂಮಿ ಅಳೆಯುವ ಕೆಲಸ. ಅವರ ಹೆಂಡತಿ ಇಟಲಿಯವರು. ಹೌದು, ಇಟಲಿಯವರೇ. ಹರೆಯದಲ್ಲಿ ದುಬೈಗೆ ಹೋಟೆಲ್ ಕೆಲಸಕ್ಕೆ ಬಂದವರು ಪರದೆ ಬಟ್ಟೆ ಕೊಳ್ಳಲು ಇವರ ಅಂಗಡಿಗೆ ಹೋಗಿ, ಬಟ್ಟೆಯ ಜೊತೆಗೆ ಅಂಗಡಿಯವರನ್ನೂ ಆರಿಸಿಕೊಂಡರು ಎಂದು ಗಂಡನೇ ನಗುತ್ತ ಹೇಳುತ್ತಾರೆ. ಮೂವತ್ತು ವರ್ಷ ಕರಾವಳಿಯವರ ನಡುವೆ ಇದ್ದು ಅವರಿಗೆ ಕನ್ನಡ ಹತ್ತಿದೆ. ಈ ಊರಲ್ಲೇ ಹುಟ್ಟಿದ ನನ್ನ ಮಗಳ ಕನ್ನಡಕ್ಕಿಂತ ಅವರ ಕನ್ನಡ ಎಷ್ಟೋ ಮೇಲು.

ವಿಷಯ ಇಷ್ಟು. ಆಕೆಯ ಅಪ್ಪ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಉತ್ತರ ಇಟಲಿಯ ಗುಡ್ಡಗಾಡಿನಲ್ಲಿ ಅವರದು ಎರಡು ಹೊಲ, ಒಂದು ಗುಡ್ಡದ ಮೈಯಲ್ಲಿ, ಒಂದು ಅದರ ಬುಡದಲ್ಲಿ. ಮಕ್ಕಳೂ ಇಬ್ಬರೇ, ಊರಲ್ಲಿ ಬೇಸಾಯ ಮಾಡಿಕೊಂಡಿರುವ ಅಣ್ಣ ಮತ್ತು ಇಲ್ಲಿರುವ ಈ ತಂಗಿ. ಅಣ್ಣ ಫೋನ್ ಮಾಡಿ, "ಮೇಲಿನದು ನಿನಗೆ, ಕೆಳಗಿನದು ನನಗೆ. ಎರಡೂ ಒಂದೊಂದು ಜೋರ್ನಾತಾ, ಅಪ್ಪ ಹೇಳುತ್ತಿದ್ದದ್ದು ನಿನಗೆ ನೆನಪಿದೆಯಲ್ಲ" ಎಂದಿದ್ದ. ನೆನಪಿದೆ ಎಂದು ಈಕೆ ಒಪ್ಪಿಕೊಂಡೂ ಬಿಟ್ಟಿದ್ದರು. ಆದರೆ ಗಂಡ ವ್ಯಾಪಾರಿ. ಥಾನು ಬಿಚ್ಚಿ ಗಜ ಹಾಕದೆ ಯಾವ ಬಟ್ಟೆಯನ್ನೂ ಒಳಗೆ ಇಟ್ಟುಕೊಂಡವರಲ್ಲ.

"ಜೋರ್ನಾತಾ ಅಂದ್ರೆ ಅಲ್ಲಿಯ ಹಳೇ ಅಳತೆಯಂತೆ, ಹೆಚ್ಚುಕಮ್ಮಿ ನಮ್ಮ ಒಂದು ಎಕರೆ" ಎಂದರು. "ನಾನು ಫೋನಲ್ಲೇ ಅಳೆದೆ. ಮೇಲಿನದು ಎಪ್ಪತ್ತು ಸೆಂಟ್ಸ್. ಕೆಳಗಿನದು ಒಂದೆಕರೆ ಹದಿನೈದು ಸೆಂಟ್ಸ್. ಎರಡೂ ಒಂದೇ ಅಂತ ಹೇಗೆ ಆಗ್ತದೆ?"

ನಾನು ಕೈ ತೊಳೆದು ಬಂದು ಲ್ಯಾಪ್‌ಟಾಪ್ ತೆಗೆದೆ. ಅವರು ತೋರಿಸಿದ ಗಡಿಗಳ ಮೇಲೆ ನಾನೇ ಗೆರೆ ಹಾಕಿ ನೋಡಿದೆ. ಅವರ ಬೆರಳು ತಪ್ಪಿರಲಿಲ್ಲ.

"ಅಳತಿ ಸರಿ ಐತ್ರಿ" ಎಂದೆ.

"ಅಂದ್ರೆ ಮೋಸ!"

"ಅದನ್ನ ನಾ ಹೇಳಿಲ್ರಿ. ಅಳತಿ ಸರಿ ಐತಿ ಅಂದೆ, ಅಷ್ಟ."

ನಾನು ಹೇಳದಿದ್ದರೇನು, ಅವರು ಕೇಳಿಸಿಕೊಂಡಾಗಿತ್ತು. ಗಂಡನನ್ನು ಹುಡುಕಿಕೊಂಡು ಬಂದ ಆಕೆ ಬಾಗಿಲಲ್ಲೇ ನಿಂತಿದ್ದರು. "ನನ್ನ ಅಣ್ಣ ಹಾಗೆ ಮಾಡುವ ಜನ ಅಲ್ಲ" ಎಂದರು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಸರ್ವೆಯರ್ ಸಾಹೇಬ್ರೆ, ಲೆಕ್ಕ ನಿಜವಾಗಿಯೂ ಸರಿ ಉಂಟಾ?" ಎಂದು ಕೇಳಿದರು. ಸರಿ ಇದ್ದದ್ದನ್ನು ತಪ್ಪು ಎನ್ನಲು ನನಗೆ ಸಂಬಳ ಕೊಡುವುದಿಲ್ಲ. ಸರಿ ಇದೆ ಎಂದೆ. ಅವರು ತಮ್ಮ ಮನೆಗೆ ಹೋದರು. ಹದಿನೈದು ನಿಮಿಷಕ್ಕೆಲ್ಲ ಎದುರು ಬಾಗಿಲ ಹಿಂದಿನಿಂದ, ಫೋನಿನಲ್ಲಿ ಅಣ್ಣನ ಜೊತೆ ಇಟಾಲಿಯನ್ ಜಗಳ ಕೇಳಿಸಿತು. ಭಾಷೆ ಬಾರದಿದ್ದರೂ ಜಗಳ ತಿಳಿಯುತ್ತದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇಲ್ಲಿ ಕೆಡಿಸಿದ್ದು ಮಾತೂ ಅಲ್ಲ, ಒಂದು ಫೋನಿನ ಗೆರೆ.

ಪ್ರತಿ ಭಾನುವಾರ ಬೆಳಿಗ್ಗೆ ಆಕೆ ಅಣ್ಣನ ಜೊತೆ ಫೋನಿನಲ್ಲಿ ಹರಟುತ್ತಿದ್ದರು. ಸ್ಪೀಕರ್ ಹಾಕಿಕೊಂಡು, ತರಕಾರಿ ಹೆಚ್ಚಿಕೊಂಡು, ಮಹಡಿ ತುಂಬ ನಗು. ಆ ಭಾನುವಾರ ಸದ್ದಿಲ್ಲ. ಮುಂದಿನದಕ್ಕೂ ಇಲ್ಲ. ಅಣ್ಣನೇ ಮಾಡಿದರೂ ಎತ್ತುವುದಿಲ್ಲ ಎಂದು ಗಂಡ ಲಿಫ್ಟಿನಲ್ಲಿ ಹೇಳಿದರು. ಹೇಳುವಾಗ ಮೊದಲಿನ ಗೆಲುವು ಇರಲಿಲ್ಲ. ತವರು ಎಂದರೆ ಆಕೆಗೆ ಉಳಿದಿದ್ದು ಅದೊಂದು ದನಿ. ಅದನ್ನು ತಾನೇ ಬಂದ್ ಮಾಡಿಸಿದೆ ಎಂಬುದು ಅವರಿಗೆ ಹೊಳೆಯತೊಡಗಿತ್ತು.

ನನಗೇನೂ ಸಂಬಂಧವಿಲ್ಲದ ವಿಷಯ. ಆದರೂ ಬಿಡುವಾದಾಗ ಈ ಜೋರ್ನಾತಾ ಏನೆಂದು ಓದಿದೆ, ಓದಿ ತಲೆ ಕೆಟ್ಟಿತು. ಮೀಟರ್ ಬರುವ ಮೊದಲು ಇಟಲಿಯಲ್ಲಿ ಊರಿಗೊಂದು ಅಳತೆ. ಮಿಲಾನಿನವರದು ಪೆರ್ತಿಕಾ, ಬೊಲೋನ್ಯಾದವರದು ತೊರ್ನಾತೂರಾ, ಪಾದೋವಾದವರದು ಕಾಂಪೋ. ರೋಮ್‌ನವರು ರೂಬ್ಯೋ ಎಂದರೆ ನೇಪಲ್ಸ್‌ನವರು ಮೋಜ್ಜೋ ಎನ್ನುತ್ತಾರೆ. ಆ ಎರಡೂ ಮೂಲದಲ್ಲಿ ಕಾಳು ಅಳೆಯುವ ಮಾಪುಗಳು. ಅಷ್ಟು ಬೀಜ ಹಿಡಿಯುವ ನೆಲಕ್ಕೂ ಅದೇ ಹೆಸರು. ಬ್ಯೋಲ್ಕಾ ಎಂದು ಇನ್ನೊಂದಿದೆ, ಅದು ಪಾರ್ಮಾದಲ್ಲಿ ಒಂದಾದರೆ ಪಕ್ಕದ ಮೋದೆನಾದಲ್ಲಿ ಇನ್ನೊಂದು. ಅಲ್ಲ, ಇವರೆಲ್ಲ ಒಬ್ಬರ ಹೊಲ ಒಬ್ಬರು ಹೇಗೆ ಕೊಂಡರು? ಜೋರ್ನಾತಾ ಮಾತ್ರ ಈಕೆಯ ತವರಿನ ಕಡೆಯದು. ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ. ಆಮೇಲೆ ಸರ್ಕಾರದವರು ಅದನ್ನು ಮೂರು ಸಾವಿರದ ಎಂಟುನೂರು ಚದರ ಮೀಟರಿನ ಆಸುಪಾಸಿಗೆ ಕಟ್ಟಿಹಾಕಿದರು. ಗಂಡ ಹಿಡಿದುಕೊಂಡದ್ದು ಆ ಸರ್ಕಾರಿ ಲೆಕ್ಕ.

ಎತ್ತಿನ ದಿನ ಎಂಬುದನ್ನು ಓದಿದಾಗ ನಾನು ಸ್ವಲ್ಪ ನಿಂತೆ. ನಮ್ಮ ಕಡೆ ಹೊಲವನ್ನು ಕೂರಿಗೆಯಲ್ಲಿ ಹೇಳುತ್ತಾರೆ. ಕೂರಿಗೆ ಎಂದರೆ ಬಿತ್ತುವ ಸಾಧನ, ಅದರಿಂದ ಒಂದು ದಿನದಲ್ಲಿ ಬಿತ್ತುವಷ್ಟು ಹೊಲವೇ ಒಂದು ಕೂರಿಗೆ. ಓದು ಮುಗಿಸಿದ ಹೊಸದರಲ್ಲಿ ನಾನು ಉಮೇದಿನಿಂದ ಮನೆಯ ಹೊಲ ಅಳೆದು, ಕರಿಮಣ್ಣಿನ ಎರಿ ಹೊಲದ ಕೂರಿಗೆಗೂ ಕೆಂಪು ಮಣ್ಣಿನ ಮಸಾರಿ ಹೊಲದ ಕೂರಿಗೆಗೂ ಇಷ್ಟು ಫರಕು ಇದೆ ಎಂದು ಅಜ್ಜನಿಗೆ ತೋರಿಸಿದ್ದೆ. ಅಜ್ಜ ಎಲೆ ಅಡಿಕೆ ಮೆಲ್ಲುತ್ತ, "ನಿನ್ನ ಮಷೀನ ಎತ್ತಿನ ಹಿಂದ ನಡದೈತೇನೋ?" ಎಂದಿದ್ದ. ಮುದುಕನ ಹಟ ಎಂದು ಆಗ ನಕ್ಕಿದ್ದೆ. ಎದುರು ಮನೆಯವರಿಗೆ ಇದನ್ನು ಹೇಳಲೇ ಎಂದು ಯೋಚಿಸಿದೆ. ಆದರೆ ಇಟಲಿಯ ಆ ಹೊಲವನ್ನು ನಾನು ಕಂಡಿಲ್ಲ, ಕಾಣದ ನೆಲದ ಬಗ್ಗೆ ಊಹೆ ಹೇಳುವುದು ನನ್ನ ಕಸುಬಿಗೆ ಹೊಂದುವುದಿಲ್ಲ. ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಆ ಹೊಲದ ಚಿತ್ರ ನೋಡುತ್ತಿದ್ದ ಮಗಳು, "ಪಪ್ಪಾ, ಇಟ್ಸ್ ಜಸ್ಟ್ ಲ್ಯಾಂಡ್" ಎಂದು ಎದ್ದುಹೋದಳು.

ಜನವರಿಯಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಲಿಫ್ಟಿನ ಮುಂದೆ ದಪ್ಪ ಉಣ್ಣೆ ಕೋಟಿನ ಹಿರಿಯರೊಬ್ಬರು ಹಗ್ಗ ಬಿಗಿದ ಸೂಟ್‌ಕೇಸ್ ಹಿಡಿದು ನಿಂತಿದ್ದರು. ಕೈಯ ಚೀಟಿಯಲ್ಲಿ ನಮ್ಮ ಮಹಡಿಯ ನಂಬರು. ಮೂಗು ನೋಡಿದರೆ ಸಾಕಿತ್ತು, ತಂಗಿಯದೇ ಮೂಗು. ಫೋನ್ ಎತ್ತದಿದ್ದಕ್ಕೆ, ಜನ್ಮದಲ್ಲಿ ವಿಮಾನ ಹತ್ತದವರು ವಿಮಾನ ಹತ್ತಿ ಬಂದೇ ಬಿಟ್ಟಿದ್ದರು. ನಾನೇ ಕರೆದುಕೊಂಡು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದ ತಂಗಿ ಎರಡೂ ಕೈಯಿಂದ ಅಣ್ಣನ ಎದೆಗೆ ಗುದ್ದಿದರು, ಆಮೇಲೆ ಅದೇ ಎದೆಗೆ ಮುಖ ಒತ್ತಿಕೊಂಡು ಅತ್ತರು. ನಾನು ನನ್ನ ಮನೆಗೆ ಬಂದೆ.

ನಾಲ್ಕಾರು ದಿನ ಎದುರು ಮನೆಯಲ್ಲಿ ಬರೀ ಊಟ. ತುಪ್ಪದನ್ನ, ಕೋಳಿ, ಮೀನು, ಅಕ್ಕಿ ರೊಟ್ಟಿ. ಸಿಟ್ಟು ಸಿಟ್ಟಿನ ಕಡೆ, ಊಟ ಊಟದ ಕಡೆ ಎಂಬುದರಲ್ಲಿ ಆ ಬ್ಯಾರಿ ಸಾಹೇಬರು ಪಕ್ಕಾ. ದೇರಾದ ಮೀನು ಮಾರ್ಕೆಟ್ಟಿಗೂ ಭಾವನನ್ನು ಕರೆದುಕೊಂಡು ಹೋಗಿ ಬಂದರು. ಹೊಲದ ಸುದ್ದಿಯನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅಣ್ಣ ತಂಗಿ ಹವಾಮಾನ ಮಾತಾಡುತ್ತಾರಂತೆ. ಕಡೆಗೆ ಗಂಡ ನನ್ನ ಹತ್ತಿರ ಬಂದು ಗೋಳಾಡಿದರು: "ಶಾಪಿಂಗ್ ಮಾಲ್ ತೋರಿಸಿದೆ, ಖಲಾಸ್, ಅವನಿಗೆ ಅದೆಲ್ಲ ಬೇಡವಂತೆ. ಇಲ್ಲಿಯ ಮಣ್ಣು ನೋಡ್ಬೇಕಂತೆ! ನಿಮ್ಮ ಸೈಟಿಗೆ ಭಾನುವಾರ ಕರ್ಕೊಂಡು ಹೋಗುವನಾ? ಬಯಲಲ್ಲಾದ್ರೂ ಇವರು ಬಾಯಿ ಬಿಡ್ತಾರಾ ನೋಡುವ."

ಆಗ ನಾನು ಅಬುಧಾಬಿ ಕಡೆ ಮೇವಿನ ಹುಲ್ಲು ಬೆಳೆಸಲು ಮರಳುನೆಲ ಸಮ ಮಾಡುವ ಸೈಟಿನಲ್ಲಿದ್ದೆ. ಭಾನುವಾರ ರಜೆ, ಯಂತ್ರಗಳೆಲ್ಲ ಸುಮ್ಮನೆ ನಿಂತಿದ್ದವು. ಅಣ್ಣ ಇಳಿದವರೇ ಒಂದು ಹಿಡಿ ಮರಳು ತೆಗೆದು ಮೂಸಿ ನೋಡಿದರು. ತಲೆಯಾಡಿಸಿ, ಪಾಪ ಎನ್ನುವ ಹಾಗೆ ವಾಪಸು ಹಾಕಿದರು. ನೆಲದ ಅಂಚಿಗೆ ಮರಳಿನ ಏರಿ ಇತ್ತು. ಅದರ ಮೇಲಿಂದ ಇಡೀ ಸೈಟು ಕಾಣುತ್ತದೆಂದು ಗಂಡ, ಹೆಂಡತಿ, ನಾನು ಮೂವರೂ ಹತ್ತಿದೆವು. ಅಣ್ಣ ಕೆಳಗೇ ನಿಂತರು. ಕೈ ಬೀಸಿ, ನೀವು ನೋಡಿ ಬನ್ನಿ ಎಂದರು. ನಾವು ಇಳಿದು ಬಂದಾಗ ಮೊಣಕಾಲು ಉಜ್ಜಿಕೊಳ್ಳುತ್ತ ಯಂತ್ರದ ಚಕ್ರಕ್ಕೆ ಒರಗಿದ್ದರು.

ಗಂಡನಿಗೆ ಇನ್ನು ತಡೆಯಲಾಗಲಿಲ್ಲ. ಫೋನ್ ತೆಗೆದು ಭಾವನ ಮುಖದ ಮುಂದೆ ಹಿಡಿದರು. "ಇದನ್ನು ಕೇಳು ನೀನು" ಎಂದು ಹೆಂಡತಿಗೆ ಹೇಳಿದರು. "ಎದುರೆದುರೇ ಕೇಳು. ಒಂದು ಎಪ್ಪತ್ತು ಸೆಂಟ್ಸ್, ಒಂದು ಎಕರೆಗಿಂತ ಮೇಲೆ. ಎರಡೂ ಹೇಗೆ ಒಂದೇ?"

ಅಣ್ಣ ಸಿಟ್ಟಾಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೊದಲು ತಮ್ಮ ಮನೆಯ ಚಾವಣಿ ಹುಡುಕಿದರು. ಆಕಾಶದಿಂದ ತಮ್ಮ ಹೊಲವನ್ನು ಅವರು ನೋಡಿದ್ದೇ ಅವತ್ತು. ಬೆರಳು ಮೇಲಿನ ಹೊಲಕ್ಕೆ ಬಂದಾಗ ನನ್ನ ಕಡೆ ನೋಡಿ ಏನೋ ಕೇಳಿದರು. ತಂಗಿ ಕನ್ನಡಕ್ಕೆ ತಂದರು: "ಇದರಲ್ಲಿ ಗುಡ್ಡ ಎಲ್ಲಿ ಕಾಣ್ತದೆ ಅಂತ ಕೇಳ್ತಾನೆ."

"ಕಾಣೂದಿಲ್ರಿ" ಎಂದೆ. "ಇದು ನೆತ್ತಿ ಮ್ಯಾಲಿಂದ ನೋಡತೈತಿ. ಇಳಿಜಾರು ಇದಕ್ಕ ಗೊತ್ತಾಗೂದಿಲ್ಲ."

ಅಣ್ಣ ಫೋನ್ ವಾಪಸು ಕೊಟ್ಟು, ಬೂಟಿನ ಹಿಮ್ಮಡಿಯಿಂದ ಮರಳಿನ ಮೇಲೆ ಗೆರೆ ಎಳೆದರು. ಮೊದಲು ಸಮನೆಲದಲ್ಲಿ, ಹೋಗುವುದೊಂದು, ಬರುವುದೊಂದು. ಆಮೇಲೆ ಕುಂಟುತ್ತ ಏರಿಯ ಬುಡಕ್ಕೆ ಹೋಗಿ, ಕೈ ನಿಲುಕುವಷ್ಟು ಎತ್ತರದಿಂದ ಬೆರಳುಗಳನ್ನು ಕೆಳಗೆ ಎಳೆದರು. ಮೇಲೆ ಹೋಗುವಾಗ ಕೈ ಎತ್ತಿಕೊಂಡೇ ಹೋಯಿತು. ಮತ್ತೆ ಕೆಳಗೆ ಗೆರೆ. ತಂಗಿ ಹೇಳುತ್ತ ಹೋದರು: "ಕೆಳಗಿನ ಹೊಲದಲ್ಲಿ ಎತ್ತು ಹೋಗುವಾಗಲೂ ಉಳ್ತದೆ, ಬರುವಾಗಲೂ ಉಳ್ತದೆ. ಮೇಲಿನದರಲ್ಲಿ ಇಳಿಯುವಾಗ ಮಾತ್ರ. ಹತ್ತುವಾಗ ನೇಗಿಲು ಎತ್ತಿ, ಖಾಲಿ ಹತ್ತುದು. ಅದಕ್ಕೆ ಅಷ್ಟು ಸಣ್ಣ ಹೊಲಕ್ಕೂ ಇಡೀ ದಿನ ಬೇಕು. ಅಪ್ಪ ಕಾಗದ ನೋಡಿ ಜೋರ್ನಾತಾ ಹೇಳಿದ್ದಲ್ಲ, ಉತ್ತು ಹೇಳಿದ್ದು..."

ಅಣ್ಣ ಮಾತಾಡುತ್ತಲೇ ಇದ್ದರು, ಈಕೆ ಕನ್ನಡಕ್ಕೆ ತರುವುದನ್ನು ಬಿಟ್ಟುಬಿಟ್ಟರು.

"ಎಂತ ಆಯ್ತು?" ಎಂದರು ಗಂಡ.

"ಖಾಲಿ ಅಲ್ಲ" ಎಂದರು ಆಕೆ. "ಹತ್ತುವಾಗ ಅಪ್ಪ ನನ್ನನ್ನು ಎತ್ತಿನ ಬೆನ್ನ ಮೇಲೆ ಕೂರಿಸ್ತಿದ್ರು. ನಾನು ಇಷ್ಟೇ ಇದ್ದೆ. ಇವನು ಮುಂದೆ ಹಗ್ಗ ಹಿಡ್ಕೊಂಡು ಹೋಗುದು. ಮೇಲೆ ಹೋಗಿ ಇಳಿಸಿದ್ರೆ ನಾನು ಓಡಿ ಕೆಳಗೆ ಬರುದು, ಮತ್ತೆ ಹತ್ತಿಸಿ ಅಂತ ಅಳುದು." ನಗುತ್ತ ಅಣ್ಣನಿಗೆ ಅದನ್ನೇ ಹೇಳಿದರು. ಅಣ್ಣ ತಕ್ಷಣ ಏನೋ ಅಂದರು, ಆಕೆ ಅವರ ತೋಳಿಗೆ ಹೊಡೆದರು. "ನಾನು ದಪ್ಪ ಇದ್ದೆನಂತೆ, ಅದಕ್ಕೇ ಎತ್ತು ನಿಧಾನ ಆದದ್ದಂತೆ. ಹೊಲ ಸಣ್ಣ ಆಗ್ಲಿಕ್ಕೆ ನಾನೇ ಕಾರಣವಂತೆ!"

ಎಲ್ಲರೂ ನಕ್ಕೆವು. ಆದರೆ ಅಣ್ಣ ನಗು ಮುಗಿಸಿ ಇನ್ನೊಂದು ಮಾತು ಹೇಳಿದರು, ಅದನ್ನು ಆಕೆ ನಮಗೆ ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು: "ಅಪ್ಪ ಬಿಟ್ಟು ಹೋದದ್ದು ಎರಡು ದಿನ. ನಿನಗೊಂದು ದಿನ, ನನಗೊಂದು ದಿನ. ಬೇರೆ ಏನೂ ನಾನು ಲೆಕ್ಕ ಹಾಕಲಿಲ್ಲ ಅಂತಾನೆ."

ಬ್ಯಾರಿ ಸಾಹೇಬರು ಫೋನ್ ಜೇಬಿಗೆ ಹಾಕಿ ಮರಳು ನೋಡುತ್ತ ನಿಂತರು. "ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ನೆ ಹೇಳ್ಲಿಲ್ಲ ಮಾರಾಯ್ರೆ" ಎಂದರು, ನನಗಷ್ಟೇ ಕೇಳುವಂತೆ. ನನಗೆ ಅವರ ಮೇಲೆ ಕನಿಕರ ಬಂತು. ಹೆಂಡತಿಗೆ ಮೋಸವಾಗಬಾರದು ಎಂದು ಅಳೆದ ಮನುಷ್ಯ, ಕೆಟ್ಟದ್ದನ್ನೇನೂ ಬಯಸಿರಲಿಲ್ಲ.

ಅಲ್ಲಿಗೆ ಮುಗಿಯಬಹುದಿತ್ತು. ನಾನು ಸುಮ್ಮನಿರದೆ ನಮ್ಮ ಕಡೆಯ ಪದ್ಧತಿ ಹೇಳಿದೆ: "ನಮ್ಮಲ್ಲಿ ಪಾಲು ಮಾಡಾಂವ ಹಿರಿಯಾಂವ. ಮೊದಲ ಆರಿಸ್ಕೊಳ್ಳಾಂವ ಕಿರಿಯಾಂವ. ಹಂಗಂದ್ರ ಮಾಡಾಂವ ಸಮ ಮಾಡ್ತಾನ." ಆಕೆ ಅದನ್ನು ತಿರುಗಿಸಿ ಹೇಳಿದಾಗ ಅಣ್ಣನಿಗೆ ಬಹಳ ಹಿಡಿಸಿತು. ಎರಡೂ ಅಂಗೈ ಬಿಚ್ಚಿ ತಂಗಿಯ ಮುಂದೆ ಹಿಡಿದರು. ಇಗೋ, ಆರಿಸಿಕೋ.

ಆಕೆ ಅಂಗೈ ನೋಡಲಿಲ್ಲ, ಅಣ್ಣನ ಮೊಣಕಾಲು ನೋಡಿದರು. ಏನೋ ಕೇಳಿದರು. ಅಣ್ಣ ಬೂಟಿನ ಮರಳು ಕೊಡವಿದರು. ಮತ್ತೆ ಕೇಳಿದರು, ಈ ಸಲ ಗದರಿದ ದನಿಯಲ್ಲಿ. ಆಗ ಅಣ್ಣ ಬೇರೆ ಕಡೆ ಮುಖ ಮಾಡಿಕೊಂಡು ಹೇಳಿದರು. ಅಪ್ಪ ಕಡೆಯವರೆಗೂ ಆ ಗುಡ್ಡ ಹತ್ತುತ್ತಿದ್ದರು. ಉಳುಮೆ ನಿಂತ ಮೇಲೆ ಅಲ್ಲಿ ಹೇಝಲ್ ಕಾಯಿಯ ಗಿಡ ಹಾಕಿ, ಬುಡದ ಹುಲ್ಲು ತಾವೇ ಸವರುತ್ತಿದ್ದರು. ಅಪ್ಪ ಹೋದ ಮೇಲೆ ಇವರು ಒಮ್ಮೆಯೂ ಮೇಲೆ ಹೋಗಿಲ್ಲ. ಕಾಲು ಏಳುವುದಿಲ್ಲ. ಹುಲ್ಲು ಸೊಂಟಕ್ಕೆ ಬಂದಿದೆ. "ಆ ಹೊಲ ನನ್ನ ಹೆಸರಲ್ಲಿ ಹಾಳು ಬೀಳುದು ನನಗೆ ಬೇಡ ಅಂತಾನೆ" ಎಂದರು ಆಕೆ. "ನಾಚಿಕೆ ಆಗ್ತದಂತೆ. ಆ ಹುಲ್ಲು ನೋಡಿದ್ರೆ ಅಪ್ಪನ ಬೇಸರದ ಮುಖ ನೋಡಿದ ಹಾಗೆ ಆಗ್ತದಂತೆ."

ಆಮೇಲೆ ಆಕೆ ಅಣ್ಣನ ಅಂಗೈಗಳಲ್ಲಿ ಒಂದನ್ನು ಮುಚ್ಚಿ ಮಡಚಿದರು. ಉಳಿದದ್ದನ್ನು ಹಿಡಿದುಕೊಂಡು, "ಮೇಲಿನದು ನನಗೆ" ಎಂದರು. ನಮಗೆ ಕನ್ನಡದಲ್ಲಿ, ಅಣ್ಣನಿಗೆ ಅವರ ಮಾತಿನಲ್ಲಿ.

"ಅಲ್ಲ, ನೀನು ಇಲ್ಲಿ ಕೂತು ಅಲ್ಲಿಯ ಹುಲ್ಲು ಎಂತ ಮಾಡ್ತಿ?" ಎಂದರು ಗಂಡ.

"ಮಾರ್ಚಿಗೆ ಹೋಗ್ತೇನೆ. ನನ್ನ ಮೊಣಕಾಲು ಸರಿ ಉಂಟು."

"ಮತ್ತೆ ನನ್ನ ಊಟ?"

"ಫೋನಲ್ಲಿ ಅಳೆದುಕೊಂಡು ತಿನ್ನಿ" ಎಂದರು ಆಕೆ. ವಾಪಸು ಬರುವಾಗ ಕಾರಿನಲ್ಲಿ ಅಣ್ಣ ತಂಗಿ ಹಿಂದಿನ ಸೀಟಿನಲ್ಲಿ ದುಬೈ ತಲುಪುವವರೆಗೂ ಮಾತಾಡಿದರು.

ಮಾರ್ಚ್ ತಿಂಗಳಲ್ಲಿ ಆಕೆ ಹೋದರು. ಗಂಡ ಮೂರು ಹೊತ್ತೂ ನಮ್ಮ ಮನೆಯಲ್ಲೇ ಉಂಡರು, ಜೋಳದ ರೊಟ್ಟಿ ಹಲ್ಲಿಗೆ ಗಟ್ಟಿ ಎಂದು ದೂರಿಕೊಂಡೇ ಉಂಡರು. ಒಂದು ರಾತ್ರಿ ಊಟದ ಹೊತ್ತಿಗೆ ನನ್ನ ಫೋನಿಗೆ ಆಕೆಯ ವಾಯ್ಸ್ ಮೆಸೇಜ್ ಬಂತು. ಇಬ್ಬರೂ ಕೈ ನಿಲ್ಲಿಸಿ ಕೇಳಿದೆವು. ಉಸಿರು ಸೋತ ದನಿ, ಹಿಂದೆ ಅಣ್ಣ ಕೆಳಗಿನಿಂದ ಕೂಗಿ ಏನೋ ಹೇಳುತ್ತಿದ್ದರು.

"ಸರ್ವೆಯರ್ ಸಾಹೇಬ್ರೆ, ಬೆಳಕು ಹರಿಯುವಾಗ ಮೇಲಿಂದ ಹುಲ್ಲು ಸವರ್ಲಿಕ್ಕೆ ಶುರು ಮಾಡಿದ್ದೆ. ಈಗ ಕತ್ತಲಾಯ್ತು. ಅರ್ಧ ಸಹ ಆಗ್ಲಿಲ್ಲ. ನಿಮ್ಮ ಲೆಕ್ಕದಲ್ಲಿ ಬರ್ಕೊಳ್ಳಿ, ಅಪ್ಪನ ದಿನ ತುಂಬ ದೊಡ್ಡದಿತ್ತು."